ಅತ್ತಿಬೆಲೆ ದಾಟಿದರೆ ಅಲ್ಪಸಂಖ್ಯಾತರು ಯಾರು?

ಹೊಸೂರಿನಿಂದ ಬೆಂಗಳೂರಿಗೆ ಸುಮಾರು 40 ಕಿಲೋಮೀಟರು. ನಡುವೆ ಅತ್ತಿಬೆಲೆಯ ಬಳಿ ರಾಜ್ಯದ ಗಡಿ. ಬಸ್ಸು ಹತ್ತುವಾಗ ಅಲ್ಪಸಂಖ್ಯಾತನಾಗಿದ್ದ ಕನ್ನಡಿಗ ಇಳಿಯುವಾಗ ಬಹುಸಂಖ್ಯಾತ. ಪಕ್ಕದಲ್ಲೇ ಕುಳಿತ ತಮಿಳನ ಪಾಡು ಇದಕ್ಕೆ ನೇರ ತಿರುವುಮುರುವು. ಇಬ್ಬರೂ ಒಂದೇ ಶಿಲುಬೆಗೆ ಕೈಮುಗಿಯುವ ಕ್ರೈಸ್ತರಾದರೆ ದೇವರ ಮನೆಯಲ್ಲಿ ಯಾರ ಭಾಷೆಗೆ ಎಷ್ಟು ಸ್ಥಾನ?

ಈ ಪ್ರಶ್ನೆ ಒಂದು ಸತ್ಕಾರ್ಯದ ಬೆನ್ನಿಗೇ ಬಂದಿತು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರಿನಲ್ಲಿ ಪೂಜಾವಿಧಿಗೆ ಜನರ ಭಾಷೆಯನ್ನು ಬಳಸಲು ಅವಕಾಶ ಕೊಟ್ಟಿತು. ಲ್ಯಾಟಿನ್ ಯಾರ ಮನೆಮಾತೂ ಆಗಿರಲಿಲ್ಲ. ಈಗ 'ಜನರ ಭಾಷೆ' ಎಂದರೆ ಯಾವ ಜನರ ಭಾಷೆ? ಬೆಂಗಳೂರು ಮಹಾಧರ್ಮಪ್ರಾಂತದಲ್ಲಿ ಕನ್ನಡ, ತಮಿಳು, ಕೊಂಕಣಿಗಳ ನಡುವೆ ಈ ವಿವಾದ ದಶಕಗಳ ಕಾಲ ಎಳೆದಾಡಿತು. ಇತ್ತ ಹೊಸೂರು ಭಾಗ 1997ರಲ್ಲಿ ಸೇಲಂನಿಂದ ಬೇರ್ಪಟ್ಟ ಧರ್ಮಪುರಿ ಧರ್ಮಪ್ರಾಂತಕ್ಕೆ ಸೇರಿತು. ಇಲ್ಲಿ ತಮಿಳರೇ ಹೆಚ್ಚು; ಕನ್ನಡ, ತೆಲುಗು ಮನೆಮಾತಿನವರು ಕಡಮೆ.

ವಾದ ಎಷ್ಟೇ ಜೋರಾಗಿರಲಿ, ಅದರ ಬೇರಿನಲ್ಲಿರುವುದು ಹೆದರಿಕೆ. ತನ್ನ ನಾಡಿನಲ್ಲೇ ತನ್ನ ನುಡಿ ಮೂಲೆಗೆ ಬೀಳುವುದೆಂದು ಬೆಂಗಳೂರಿನ ಕನ್ನಡಿಗನಿಗೆ ಭಯ. ಅಜ್ಜಿ ಕಲಿಸಿದ ಪ್ರಾರ್ಥನೆ ಮೊಮ್ಮಗನಿಗೆ ದಕ್ಕದೆಂದು ಅಲ್ಲಿನ ತಮಿಳನಿಗೆ ಭಯ. ಕಾಸರಗೋಡಿನ ನಮಗೆ ಇದು ಅಪರಿಚಿತವೇನಲ್ಲ. ತಮಿಳುನಾಡು 2006ರಲ್ಲಿ ಶಾಲೆಗಳಲ್ಲಿ ತಮಿಳನ್ನು ಕಡ್ಡಾಯಗೊಳಿಸಲು ಕಾಯಿದೆ ತಂದಾಗ ಹೊಸೂರಿನ ಕನ್ನಡ ಮನೆಗಳಲ್ಲಿ ಮೂಡಿದ ಚಿಂತೆಯೇ 2017ರ ಮಲೆಯಾಳ ಕಲಿಕೆ ಕಾಯಿದೆಯ ವೇಳೆ ನಮ್ಮ ಮನೆಗಳಲ್ಲೂ ಇತ್ತು.

ಭಾಷೆಯ ಜಗಳ ಕ್ರೈಸ್ತಸಭೆಗೆ ಹೊಸತಲ್ಲ. ಅಪೊಸ್ತಲರ ಕಾರ್ಯಗಳ ಆರನೆಯ ಅಧ್ಯಾಯವನ್ನು ನೋಡಿ. ಜೆರುಸಲೇಮಿನಲ್ಲಿ ದಿನನಿತ್ಯದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂದು ಗ್ರೀಕ್ ಮಾತನಾಡುವವರು ದೂರಿದರು. ಅಪೊಸ್ತಲರು ಅವರನ್ನು ಸುಮ್ಮನಿರಿಸಲಿಲ್ಲ, ಸಭೆ ಒಡೆದೀತೆಂದು ಬೆದರಲೂ ಇಲ್ಲ. ಎಲ್ಲರನ್ನೂ ಕರೆದು ಮಾತನಾಡಿ, ಹಂಚಿಕೆಗೆ ಏಳು ಮಂದಿಯನ್ನು ಆರಿಸಲು ಹೇಳಿದರು. ಆರಿಸಲ್ಪಟ್ಟ ಏಳು ಹೆಸರುಗಳೂ ಗ್ರೀಕ್ ಹೆಸರುಗಳೇ! ದೂರಿದವರ ಕಡೆಗೇ ಬಡಿಸುವ ಸೌಟು ಹೋಯಿತೆಂದು ಇದನ್ನು ಓದಿದವರು ಊಹಿಸುವುದುಂಟು.

ಪ್ರೀತಿಯಿಂದ ಮಾತನಾಡುವುದೆಂದರೆ ಇದೇ. ನ್ಯಾಯವಾದ ಬೇಡಿಕೆಯನ್ನು ನುಂಗಿಕೊಂಡು ಸುಮ್ಮನಿರುವುದು ಪ್ರೀತಿಯಲ್ಲ. ಅದು ಹೆದರಿಕೆಯ ಇನ್ನೊಂದು ಮುಖ. ಆದರೆ ಬೇಡಿಕೆಯ ಮೊದಲು ನಮ್ಮ ಭಯವೇನೆಂದು ಹೇಳಬೇಕು, ಎದುರಿನವರ ಭಯವೇನೆಂದು ಕೇಳಬೇಕು. ಯಾವ ಹೊತ್ತಿನ ಪೂಜೆ ಯಾವ ಭಾಷೆಯಲ್ಲಿ ಎಂಬುದನ್ನು ತಲೆ ಎಣಿಸಿ ತೀರ್ಮಾನಿಸಬಹುದು. ಸಾಯುವವನ ಹಾಸಿಗೆಯ ಬಳಿಯ ಪ್ರಾರ್ಥನೆಗೆ ಆ ಲೆಕ್ಕ ಸಲ್ಲದು. ಅಲ್ಲಿ ಅವನೊಬ್ಬನೇ ಬಹುಸಂಖ್ಯಾತ.

ಹೊಸೂರಿನಲ್ಲಿ ಕನ್ನಡಕ್ಕೆ ಏನನ್ನು ಕೇಳುತ್ತೇವೋ ಬೆಂಗಳೂರಿನಲ್ಲಿ ತಮಿಳಿಗೆ ಅದನ್ನು ಕೊಡಲು ಸಿದ್ಧರಿದ್ದೇವೆಯೇ? ಹೊಸೂರಿನ ತಮಿಳರೂ ಇದೇ ಪ್ರಶ್ನೆಯನ್ನು ತಮಗೆ ಹಾಕಿಕೊಳ್ಳಬೇಕು. ಎರಡೂ ಕಡೆ ಒಂದೇ ಅಳತೆಯ ಸೇರು ಇಟ್ಟರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ. ಉಳಿದರ್ಧಕ್ಕೆ ಕುಳಿತು ಮಾತನಾಡುವ ತಾಳ್ಮೆ ಬೇಕು. ಗಡಿನಾಡಿನವರಾದ ನಾವು ಈ ಮಾತನ್ನು ಹೊಸೂರಿನವರಿಗಷ್ಟೇ ಅಲ್ಲ, ನಮಗೂ ಹೇಳಿಕೊಳ್ಳುತ್ತಿದ್ದೇವೆ.