ಮಿರಜದ ಸಿತಾರ ಮತ್ತು ಲಾಗ್ ಕೋಷ್ಟಕ



ಜತ್ತ, ಕಾಗವಾಡ, ಅಥಣಿ ಕಡೆಯ ನೀವು ದವಾಖಾನೆಗೆಂದೋ ಪೇಟೆಗೆಂದೋ ಮಿರಜಕ್ಕೆ ಹೋಗುತ್ತಲೇ ಇರುತ್ತೀರಿ. ಅಲ್ಲಿಯ ತಂತಿವಾದ್ಯದ ಅಂಗಡಿಗಳ ಮುಂದೆ ತುಸು ನಿಲ್ಲಿ. ಮಿರಜದ ಸಿತಾರ, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಸಿತಾರದ ದಂಡಿಯ ಮೇಲೆ ಅಡ್ಡಲಾಗಿ ಲೋಹದ ಮೆಟ್ಟುಗಳಿವೆ. ಮರಾಠಿಯಲ್ಲಿ ಇವಕ್ಕೆ ಪಡದೆ ಎನ್ನುತ್ತಾರೆ. ತುದಿಯಲ್ಲಿ ದೂರ ದೂರ ಇರುವ ಇವು ಕುಂಬಳದ ಕಡೆಗೆ ಬಂದಂತೆ ಒತ್ತೊತ್ತಾಗುತ್ತವೆ. ಹೀಗೇಕೆ? ಇದಕ್ಕೆ ಉತ್ತರ, ಕಾಲೇಜು ಮಕ್ಕಳು ಹೆದರುವ ಲಾಗರಿದಮ್‌ನಲ್ಲಿದೆ.

ಲಾಗ್ ಎಂದರೆ ಘಾತಾಂಕ, ಅಷ್ಟೇ. 10ರ ಎಷ್ಟನೆಯ ಘಾತ 100? ಎರಡನೆಯದು. ಆದ್ದರಿಂದ 100ರ ಲಾಗ್ 2. 1000ದ ಲಾಗ್ 3. ಇವೆರಡನ್ನು ಗುಣಿಸಿದರೆ ಒಂದು ಲಕ್ಷ, ಅದರ ಲಾಗ್ 5. ಎರಡು, ಮೂರು ಕೂಡಿದರೆ ಐದು. ಗುಣಾಕಾರದ ಬದಲು ಕೂಡಿಸುವುದು, ಭಾಗಾಕಾರದ ಬದಲು ಕಳೆಯುವುದು. 1614ರಲ್ಲಿ ಸ್ಕಾಟ್ಲೆಂಡಿನ ಜಾನ್ ನೇಪಿಯರ್ ಜಗತ್ತಿಗೆ ಕೊಟ್ಟ ಉಪಾಯವಿದು.

ನಮ್ಮ ಕಿವಿಯೂ ಹೀಗೆಯೇ ಲೆಕ್ಕ ಹಾಕುತ್ತದೆ. ತಂತಿಯ ಉದ್ದ ಅರ್ಧವಾದರೆ ಕಂಪನ ಇಮ್ಮಡಿಯಾಗಿ ಮೇಲಿನ ಷಡ್ಜ ಕೇಳುತ್ತದೆ. ಹಾರ್ಮೋನಿಯಂನಲ್ಲಿ ಈ ಅಂತರಕ್ಕೆ 12 ಸಮ ಹೆಜ್ಜೆ. ಪ್ರತಿ ಹೆಜ್ಜೆಗೂ ಕಂಪನ ಒಂದೇ ಸಂಖ್ಯೆಯಿಂದ, ಅಂದರೆ ಸುಮಾರು 1.0595ರಿಂದ ಗುಣಿತವಾಗುತ್ತದೆ, ತಂತಿ ಅಷ್ಟರಿಂದಲೇ ಭಾಗವಾಗುತ್ತದೆ. ತಂತಿ 90 ಸೆಂ.ಮೀ. ಎಂದುಕೊಳ್ಳಿ. ಮೊದಲ ಹೆಜ್ಜೆಗೆ ಸುಮಾರು 5 ಸೆಂ.ಮೀ. ಜಾಗ ಬೇಕು. ತಂತಿ 45 ಸೆಂ.ಮೀ.ಗೆ ಇಳಿದ ಮೇಲೆ ಅದೇ ಹೆಜ್ಜೆಗೆ ಎರಡೂವರೆ ಸಾಕು. ಕಿವಿಗೆ ಎರಡೂ ಸಮವೇ. ಮೆಟ್ಟುಗಳು ಒತ್ತೊತ್ತಾಗುವ ಗುಟ್ಟು ಇದು.

ಈಗ ಕಾಗದ, ಪೆನ್ಸಿಲು ತೆಗೆದುಕೊಳ್ಳಿ. ಏಳನೆಯ ಹೆಜ್ಜೆ ಪಂಚಮ. ಅದು ಎಲ್ಲಿ ಬರುತ್ತದೆ? ಏಳು ಸಲ ಭಾಗಿಸುವ ಕಷ್ಟ ಬೇಡ. 2ರ ಲಾಗ್ 0.3010. ಅದನ್ನು 7ರಿಂದ ಗುಣಿಸಿ 12ರಿಂದ ಭಾಗಿಸಿದರೆ 0.1756. ಇನ್ನು 90, ಹತ್ತಕ್ಕೂ ನೂರಕ್ಕೂ ನಡುವಿನದು. ಆದ್ದರಿಂದ ಅದರ ಲಾಗ್ 1ಕ್ಕೂ 2ಕ್ಕೂ ನಡುವೆ. ಪೂರ್ಣಾಂಕ 1, ಉಳಿದದ್ದು ಕೋಷ್ಟಕದಿಂದ .9542. ಈ 1.9542ರಲ್ಲಿ 0.1756 ಕಳೆದರೆ 1.7786. ಪ್ರತಿಲಾಗ್ ನೋಡಿದರೆ 60.06 ಸೆಂ.ಮೀ.

ಶುದ್ಧ ಪಂಚಮ ತಂತಿಯ ಮೂರರಲ್ಲಿ ಎರಡು ಪಾಲಿಗೆ, ಅಂದರೆ ಸರಿಯಾಗಿ 60ಕ್ಕೆ ಬರುತ್ತದೆ. ವ್ಯತ್ಯಾಸ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಹಾರ್ಮೋನಿಯಂನ ಮನೆಗಳು ಸ್ಥಿರ, ವಾದಕ ಅವನ್ನು ಸರಿಸಲಾರ. ಸಿತಾರದ ಮೆಟ್ಟುಗಳನ್ನಾದರೋ ದಾರದಿಂದ ಕಟ್ಟಿರುತ್ತಾರೆ. ಕಿವಿ ಕೇಳಿದಷ್ಟು ಸರಿಸಬಹುದು. ಕೋಷ್ಟಕ ಹತ್ತಿರಕ್ಕೆ ಒಯ್ಯುತ್ತದೆ, ಕೊನೆಯ ಕೂದಲೆಳೆಯನ್ನು ಕಿವಿ ತೀರ್ಮಾನಿಸುತ್ತದೆ.

ಐದನೆಯ ಹೆಜ್ಜೆ ಮಧ್ಯಮ. ಅದನ್ನು ನೀವೇ ಮಾಡಿ ನೋಡಿ. 67.42 ಬಂದರೆ ಲಾಗ್ ನಿಮ್ಮ ಕೈವಶವಾಯಿತೆಂದೇ ತಿಳಿಯಿರಿ.