ಅರಿಷಿಣ ಜೀವಕೋಶದವರೆಗೆ ತಲುಪುತ್ತದೆಯೇ?

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಕೊಗನೊಳ್ಳಿ ಟೋಲ್ ನಾಕಾ ದಾಟಿದರೆ ಮಹಾರಾಷ್ಟ್ರ. ಗಡಿಯಾಚೆಯ ಸಾಂಗಲಿ ಪೇಟೆಗೆ ರಾಯಬಾಗ, ಅಥಣಿ ಕಡೆಯ ಹೊಲಗಳಿಂದಲೂ ಬೇಯಿಸಿ ಒಣಗಿಸಿದ ಅರಿಷಿಣ ಹೋಗುತ್ತದೆ. ಗಾಯಕ್ಕೆ ಒತ್ತುವುದು, ಕೆಮ್ಮಿಗೆ ಹಾಲಲ್ಲಿ ಕುಡಿಯುವುದು ನಮ್ಮ ಮನೆಗಳ ರೂಢಿ. ಚೀನೀ ವೈದ್ಯರಿಗೂ ಇದು ಔಷಧವೇ. ಜಿಯಾಂಗ್ ಹುವಾಂಗ್ ಎನ್ನುತ್ತಾರೆ. ಅವರ ಪ್ರಕಾರ ‘ಚಿ’ ಎಂಬ ಪ್ರಾಣಶಕ್ತಿಯೂ ರಕ್ತವೂ ಮೈಯೊಳಗೆ ಸರಾಗ ಹರಿಯಬೇಕು, ತಡೆಯಾದಲ್ಲಿ ನೋವು. ಭುಜ ಹಿಡಿದುಕೊಂಡಾಗ ಆ ತಡೆ ಬಿಡಿಸಲು ಅರಿಷಿಣ ಕೊಡುತ್ತಾರೆ.

ಇದನ್ನು ಇಂದಿನ ಜೀವವಿಜ್ಞಾನದಲ್ಲಿ ವಿವರಿಸಹೊರಟವರು ಉರಿಯೂತವನ್ನು ತೋರಿಸುತ್ತಾರೆ. ಜೀವಕೋಶದಲ್ಲಿ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನು ಇನ್ನೊಂದು ಪ್ರೋಟೀನಿನ ಹಿಡಿತದಲ್ಲಿ ಸುಮ್ಮನಿರುತ್ತದೆ. ಪೆಟ್ಟು ಬಿದ್ದರೆ, ಸೋಂಕು ತಗುಲಿದರೆ ಆ ಹಿಡಿತ ಕಳಚುತ್ತದೆ. ಆಗ ಅದು ಕೋಶಕೇಂದ್ರ ಹೊಕ್ಕು ಉರಿಯೂತದ ವಂಶವಾಹಿಗಳನ್ನು ಎಬ್ಬಿಸುತ್ತದೆ. ಬಾವು, ಬಿಸಿ, ನೋವು ಹಿಂದೆಯೇ ಬರುತ್ತವೆ. ಅರಿಷಿಣದ ಹಳದಿ ಅಂಶವಾದ ಕರ್ಕ್ಯುಮಿನ್, ಪ್ರಯೋಗಾಲಯದ ಕೋಶಗಳಲ್ಲಿ ಹಿಡಿತ ಕಳಚದಂತೆ ನೋಡಿಕೊಳ್ಳುತ್ತದೆ. ಹಳಬರು ಹೇಳಿದ್ದು ಇದನ್ನೇ ಎಂದುಬಿಡಲು ಆಸೆಯಾಗುತ್ತದೆ. ನಾನಂತೂ ಒಪ್ಪಲಾರೆ. ಗಾಜಿನ ತಟ್ಟೆಯಲ್ಲಿ ಕರ್ಕ್ಯುಮಿನ್ ನೇರ ಕೋಶದ ಮೇಲೇ ಬೀಳುತ್ತದೆ. ನುಂಗಿದ್ದು ಅಲ್ಲಿಗೆ ಮುಟ್ಟಬೇಕಲ್ಲ?

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗ ಇದನ್ನೇ ಪರೀಕ್ಷಿಸಿ 1998ರಲ್ಲಿ ಪ್ರಕಟಿಸಿತು. ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟರೂ ರಕ್ತದಲ್ಲಿ ಸಿಕ್ಕಿದ್ದು ಅತ್ಯಲ್ಪ, ಕೆಲವೊಮ್ಮೆ ಏನೂ ಇಲ್ಲ. ಅಡುಗೆಯ ಅರಿಷಿಣದಲ್ಲಿ ಕರ್ಕ್ಯುಮಿನ್ ಇರುವುದೇ ಸುಮಾರು 3%. 2 ಗ್ರಾಂ ಸಿಗಲು ಪುಡಿಯನ್ನು 67 ಗ್ರಾಮಿನಷ್ಟು ತಿನ್ನಬೇಕು! ಕರುಳು, ಯಕೃತ್ತು ಕರ್ಕ್ಯುಮಿನನ್ನು ಬೇಗ ರೂಪಾಂತರಿಸಿ ಹೊರಹಾಕುತ್ತವೆ. ಜೊತೆಗೆ ಕರಿಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ಈ ಕೆಲಸ ನಿಧಾನಿಸಿ, ರಕ್ತ ಸೇರುವ ಪ್ರಮಾಣ 2000% ಹೆಚ್ಚಿತು. ಆದರೂ ಅತ್ಯಲ್ಪದ ಇಪ್ಪತ್ತು ಪಟ್ಟು ಬಹಳವೇನಲ್ಲ. ಇನ್ನೊಂದು ತೊಡಕೂ ಇದೆ: ಕರ್ಕ್ಯುಮಿನ್ ಬೆಳಕು ಬಿದ್ದರೆ ತಾನೇ ಹೊಳೆಯುತ್ತದೆ, ಬೇಗ ಒಡೆಯುತ್ತದೆ, ಸಿಕ್ಕ ಪ್ರೋಟೀನಿಗೆಲ್ಲ ಅಂಟಿಕೊಳ್ಳುತ್ತದೆ. ಹೀಗಾಗಿ ಪರೀಕ್ಷೆಗಳು ಸುಳ್ಳು ಫಲಿತಾಂಶ ಕೊಡಬಲ್ಲವು ಎಂದು 2017ರಲ್ಲಿ ರಸಾಯನತಜ್ಞರು ಎಚ್ಚರಿಸಿದರು.

ಹಳೆಯ ಗ್ರಂಥದಿಂದ ಕೋಶದವರೆಗೆ ದಾರಿ ಮಾಡಿದವರೂ ಇದ್ದಾರೆ. 4ನೇ ಶತಮಾನದ ಚೀನೀ ವೈದ್ಯ ಗೆ ಹಾಂಗ್ ಒಂದು ಗಿಡವನ್ನು ನೀರಲ್ಲಿ ನೆನೆಸಿ ಹಿಂಡಲು ಹೇಳಿದ್ದ, ಕುದಿಸಲು ಹೇಳಿರಲಿಲ್ಲ. ಮಲೇರಿಯಾಕ್ಕೆ ಮದ್ದು ಹುಡುಕುತ್ತ ಅದನ್ನು ಓದಿದ ಚೀನೀ ವಿಜ್ಞಾನಿ ತು ಯೂಯೂ, ಕಡಿಮೆ ಶಾಖದಲ್ಲಿ ಈಥರ್ ಬಳಸಿ ಸಾರ ತೆಗೆದರು. ಹೀಗೆ ದೊರೆತ ಆರ್ಟೆಮಿಸಿನಿನ್, ಕೆಂಪು ರಕ್ತಕಣದೊಳಗಿನ ಮಲೇರಿಯಾ ಪರಾವಲಂಬಿಯನ್ನು ಅಲ್ಲಿನ ಕಬ್ಬಿಣದ ನೆರವಿನಿಂದಲೇ ಕೊಲ್ಲುತ್ತದೆ. ಅವರಿಗೆ 2015ರ ನೊಬೆಲ್ ಬಂದದ್ದು ರೋಗಿಗಳನ್ನು ಗುಣಪಡಿಸುವ ಔಷಧ ಕಂಡುಹಿಡಿದದ್ದಕ್ಕೆ. ‘ಚಿ’ಗೆ ಹೊಸ ಅರ್ಥ ಕೊಟ್ಟಿದ್ದಕ್ಕಲ್ಲ.

ಮೊಣಕಾಲಿನ ಸವೆತದ ನೋವಿಗೆ ಅರಿಷಿಣದ ಸಾರ ಸ್ವಲ್ಪ ಆರಾಮ ಕೊಟ್ಟಿದೆ ಎನ್ನುವ ಚಿಕ್ಕ ಪ್ರಯೋಗಗಳಿವೆ. ದೊಡ್ಡವು, ದೀರ್ಘಕಾಲದವು ಬೇಕು. ಪೈಪರಿನ್ ಸೇರಿಸಿದ ಕ್ಯಾಪ್ಸೂಲುಗಳಿಂದ ಯಕೃತ್ತಿಗೆ ಪೆಟ್ಟಾದ ವರದಿಗಳು ಬಂದಿವೆ. ಪೈಪರಿನ್ ಬೇರೆ ಔಷಧಗಳ ಪ್ರಮಾಣವನ್ನೂ ರಕ್ತದಲ್ಲಿ ಏರಿಸುತ್ತದೆ. ರಕ್ತ ತೆಳುವಾಗಿಸುವ ಗುಳಿಗೆ ತೆಗೆದುಕೊಳ್ಳುವವರು, ಕಾಮಾಲೆಯಾದವರು ವೈದ್ಯರನ್ನು ಕೇಳದೆ ಇಂಥ ಕ್ಯಾಪ್ಸೂಲು ನುಂಗಬಾರದು. ಸಾರಿಗೆ ಹಾಕುವ ಚಿಟಿಕೆ ಅರಿಷಿಣಕ್ಕೆ ಈ ಭಯ ಬೇಡ.