ಊಹಾಕಥೆಗೆ ಹೂಂಗುಟ್ಟುವವರು ಯಾರು?

ಕಥೆ ಹೇಳುವವರ ಎದುರು ಕುಳಿತವರು ಹೂಂಗುಟ್ಟಬೇಕೆಂಬುದು ನಮ್ಮ ಕಡೆಯ ಹಳೆಯ ಕಟ್ಟಳೆ. ಹೂಂ ಎಂಬ ದನಿ ನಿಂತಿತೆಂದರೆ ಅಜ್ಜಿ ಕಥೆಯನ್ನೂ ನಿಲ್ಲಿಸುತ್ತಿದ್ದಳು. ಮೊಮ್ಮಗ ನಿದ್ದೆಹೋದನೆಂದು ತಿಳಿಯುತ್ತಿದ್ದಳು. ಅಚ್ಚಿನ ಕಥೆಗೆ ಈ ಭಾಗ್ಯವಿಲ್ಲ. ಬರೆದವನು ಒಂದೂರಿನಲ್ಲಿ, ಓದುವವನು ಇನ್ನೊಂದೂರಿನಲ್ಲಿ. ನಡುವೆ ಸಂಪಾದಕರ ಮೇಜು. ಅದರಲ್ಲಿಯೂ ಕಂಡದ್ದನ್ನು ಬಿಟ್ಟು ಕಾಣದ್ದನ್ನು ಊಹಿಸಿ ಬರೆಯುವ ಸಣ್ಣಕಥೆಗೆ ಹೂಂಗುಟ್ಟುವವರು ಸಿಕ್ಕುವುದು ಇನ್ನೂ ಕಷ್ಟ. ಅಂಥ ಕಥೆಯನ್ನು ಅನುಕೂಲಕ್ಕಾಗಿ ಇಲ್ಲಿ ಊಹಾಕಥೆಯೆಂದು ಕರೆಯುತ್ತೇನೆ. ಇದು ಯಾವ ಪ್ರಕಾರಕ್ಕೆ ಸೇರಿದ್ದು, ಯಾರಿಗಾಗಿ ಬರೆದದ್ದು ಎಂಬ ಎರಡು ಪ್ರಶ್ನೆಗಳು ಅದರ ಬೆನ್ನು ಬಿಡುವುದಿಲ್ಲ. ಈ ಎರಡೂ ವಾಸ್ತವವಾಗಿ ಒಂದೇ ಪ್ರಶ್ನೆ ಎಂಬುದನ್ನು ನಾನು ತಿಳಿದದ್ದು ತಡವಾಗಿ, ನನ್ನದೇ ಒಂದು ಕಥೆಯನ್ನು ಮೂರು ಸಲ ಕೆಡಿಸಿದ ಮೇಲೆ.

ನಾನಿರುವುದು ಹೊಸಪೇಟೆಗೆ ಹೊಂದಿಕೊಂಡ ಟಿ.ಬಿ. ಡ್ಯಾಂನಲ್ಲಿ. ತುಂಗಭದ್ರೆಗೆ ಅಡ್ಡಲಾಗಿ ಈ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಬಿತ್ತು. 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಕೆಳಗಿನ ಸೀಮೆ ಹಸಿರಾಯಿತು. ಮೇಲಿನ ಸುಮಾರು ತೊಂಬತ್ತು ಹಳ್ಳಿಗಳು ನೀರಿನ ಪಾಲಾದವು. ನಾರಾಯಣದೇವರಕೆರೆ ಅವುಗಳಲ್ಲೊಂದು. ಅಲ್ಲಿಯ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಬೇಸಿಗೆಯಲ್ಲಿ ಹಿನ್ನೀರು ಹಿಂದೆ ಸರಿದಾಗ ಹಳೆಯ ಕಲ್ಲುಕಟ್ಟಡಗಳು ತಲೆಯೆತ್ತುತ್ತವೆ. ಮಳೆಗಾಲ ಬಂದರೆ ಮತ್ತೆ ಮುಳುಗುತ್ತವೆ.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಸುಮಾರು ಒಂದು ವಾರದಲ್ಲಿ, ನೀರು ಹರಿಯುತ್ತಿರುವಂತೆಯೇ, ಅಲ್ಲಿ ತಾತ್ಕಾಲಿಕ ಗೇಟನ್ನು ಇಳಿಸಿದರು. ಆ ವಾರವಿಡೀ ಊರಿಗೆ ಸರಿಯಾದ ನಿದ್ದೆಯಿರಲಿಲ್ಲ. ರೈತರಿಗೆ ಬೆಳೆಯ ಚಿಂತೆ, ಕಂಪ್ಲಿಯ ಕಡೆಯವರಿಗೆ ಹೊಳೆಯ ಭಯ. ನನಗೆ ಮಾತ್ರ ಒಂದು ಕಥೆ ಹೊಳೆಯಿತು. ನೀರಿಳಿದ ಒಂದು ರಾತ್ರಿ ಮುಳುಗಿದ ಊರಿನ ಮನೆಗಳಲ್ಲಿ ದೀಪ ಹತ್ತುತ್ತವೆ. ಎಪ್ಪತ್ತು ವರ್ಷ ಬೀಗದ ಕೈಯನ್ನು ಸೆರಗಿನಲ್ಲಿ ಕಟ್ಟಿಕೊಂಡಿದ್ದ ಮುದುಕಿಯೊಬ್ಬಳು ಕೆಸರು ತುಳಿಯುತ್ತ ತನ್ನ ಮನೆಯನ್ನು ಹುಡುಕಿಕೊಂಡು ಹೋಗುತ್ತಾಳೆ. ಬಾಗಿಲು ತೆಗೆದರೆ ಒಳಗೆ ಹನ್ನೆರಡು ವರ್ಷದ ತಾನೇ ಕುಳಿತಿದ್ದಾಳೆ. ಇಷ್ಟೇ ಕಥೆ.

ಅದನ್ನು ಮೊದಲು ವಿಜ್ಞಾನದ ಪತ್ರಿಕೆಯೊಂದಕ್ಕೆ ಕಳಿಸಬೇಕೆಂದುಕೊಂಡೆ. ಅದಕ್ಕಾಗಿ ನೀರಿನ ಒತ್ತಡದಿಂದ ಕಾಲ ಹೇಗೆ ಬಾಗೀತೆಂದು ನಾಲ್ಕು ಪುಟ ವಿವರಣೆ ಸೇರಿಸಿದೆ. ಇದರಲ್ಲಿ ವಿಜ್ಞಾನವೆಲ್ಲಿದೆ ಎಂಬ ಪ್ರಶ್ನೆಯೊಡನೆ ಅದು ಮರಳಿತು. ಆ ಪ್ರಶ್ನೆ ನ್ಯಾಯವಾದದ್ದೇ. ಆಮೇಲೆ ಮಕ್ಕಳ ಪತ್ರಿಕೆಗೆಂದು ಮುದುಕಿಗೆ ಮಾತನಾಡುವ ಮೊಸಳೆಯೊಂದನ್ನು ಜೊತೆಮಾಡಿಕೊಟ್ಟೆ. ಮಕ್ಕಳು ಹೆದರಿಯಾರು ಎಂದರು. ಮೂರನೆಯದಾಗಿ ಸಾಹಿತ್ಯಪತ್ರಿಕೆಯೊಂದಕ್ಕೆ ಒಪ್ಪಲೆಂದು ಎಲ್ಲವೂ ಮುದುಕಿಯ ಕನಸೆಂದು ಮುಗಿಸಿದೆ. ಅದಕ್ಕೆ ಉತ್ತರವೇ ಬರಲಿಲ್ಲ. ಈಗ ತಿರುಗಿ ನೋಡಿದರೆ ತಪ್ಪು ಆ ಪತ್ರಿಕೆಗಳದ್ದಲ್ಲ. ಲಕೋಟೆಯ ಮೇಲಿನ ವಿಳಾಸಕ್ಕೆ ತಕ್ಕಂತೆ ನಾನು ಒಳಗಿನ ಕಾಗದವನ್ನು ತಿದ್ದುತ್ತಿದ್ದೆ.

ಹಾಗಾದರೆ ಪ್ರಕಾರವೆಂದರೇನು? ಅದು ಗ್ರಂಥಾಲಯದ ಕಪಾಟಿಗೆ ಅಂಟಿಸುವ ಚೀಟಿಯಷ್ಟೇ ಅಲ್ಲ. ಕಥೆಗಾರನೂ ಕೇಳುಗನೂ ಮೊದಲೇ ಮಾಡಿಕೊಳ್ಳುವ ಒಂದು ಒಪ್ಪಂದವದು. ಒಂದಾನೊಂದು ಕಾಲದಲ್ಲಿ ಎಂದು ಆರಂಭಿಸಿದೊಡನೆ, ಗಿಳಿಗೆ ಮಾತು ಹೇಗೆ ಬಂತೆಂದು ಯಾರೂ ಕೇಳುವುದಿಲ್ಲ. ನಮ್ಮ ಆಲಂಕಾರಿಕರು ಅದ್ಭುತರಸಕ್ಕೆ ವಿಸ್ಮಯವೇ ಸ್ಥಾಯಿಭಾವವೆಂದರು. ಆದರೆ ವಿಸ್ಮಯಗೊಂಡ ಮನಸ್ಸು ಸುಮ್ಮನಿರುವುದಿಲ್ಲ, ಏನನ್ನಾದರೂ ಕೇಳುತ್ತದೆ. ಅದು ಯಾವ ಪ್ರಶ್ನೆಯನ್ನು ಕೇಳುತ್ತದೆ ಎಂಬುದರ ಮೇಲೆ ಕಥೆಯ ಪ್ರಕಾರ ನಿಲ್ಲುತ್ತದೆ ಎಂಬುದು ನನ್ನ ತಿಳಿವಳಿಕೆ. ಅಂಥ ಪ್ರಶ್ನೆಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು 'ಹೇಗೆ?' ಎಂಬುದು. ಇದು ವಿಜ್ಞಾನ ಕಥೆಯ ಪ್ರಶ್ನೆ. ಇಲ್ಲಿ ಬೆರಗಿಗೆ ಕಾರಣವಿರಬೇಕು, ಕಾರಣಕ್ಕೆ ಕಟ್ಟುಪಾಡಿರಬೇಕು. ರಾಜಶೇಖರ ಭೂಸನೂರಮಠರೂ 'ಮನು' ಎಂಬ ಹೆಸರಿನಲ್ಲಿ ಬರೆದ ಪಿ.ಎನ್. ರಂಗನ್ ಅವರೂ ಕನ್ನಡದಲ್ಲಿ ಈ ಪ್ರಶ್ನೆಯನ್ನು ಕೇಳುವ ಓದುಗರನ್ನು ಬೆಳೆಸಿದರು. ಎರಡನೆಯದು 'ಆಮೇಲೆ?' ಎಂಬುದು. ಇದು ಜನಪದ ಕಥೆಯ ಪ್ರಶ್ನೆ. ಗಿರೀಶ ಕಾರ್ನಾಡರ 'ನಾಗಮಂಡಲ'ದಲ್ಲಿ ಹಾವು ಗಂಡನ ರೂಪ ತಾಳಿದಾಗ ಅದು ಸಾಧ್ಯವೇ ಎಂದು ಯಾವ ಪ್ರೇಕ್ಷಕನೂ ಚಡಪಡಿಸುವುದಿಲ್ಲ, ಮುಂದೇನಾಯಿತೆಂದು ಕಾಯುತ್ತಾನೆ.

ಮೂರನೆಯದು 'ನಿಜವೇ?' ಎಂಬ ಪ್ರಶ್ನೆ. ದೆವ್ವದ ಕಥೆ ಬದುಕುವುದು ಈ ಅನುಮಾನದ ಮೇಲೆ. ಇದನ್ನೇ ಬೇರೊಂದು ಬಗೆಯಲ್ಲಿ ದುಡಿಸಿಕೊಂಡವರು ಕೆ.ಎನ್. ಗಣೇಶಯ್ಯನವರು. ವಿಜಯನಗರದ ಸಂಪತ್ತಿನ ಜಾಡು ಹಿಡಿದ 'ಕರಿಸಿರಿಯಾನ'ವನ್ನು ಓದಿದವರು ಹಂಪಿಗೆ ಬಂದಾಗ ಆನೆಲಾಯದ ಮುಂದೆ ಒಂದು ಗಳಿಗೆ ಹೆಚ್ಚು ಹೊತ್ತು ನಿಂತರೆ ಆಶ್ಚರ್ಯವಿಲ್ಲ. ತಮ್ಮ ಕಥೆಗಳಿಗೆ ಅವರು ಆಧಾರಗಳನ್ನೂ ಟಿಪ್ಪಣಿಗಳನ್ನೂ ಜೋಡಿಸುವುದು ಈ ಪ್ರಶ್ನೆಯನ್ನು ಬಲ್ಲದ್ದರಿಂದಲೇ. ನಾಲ್ಕನೆಯದು 'ಹಾಗೆಂದರೇನು?' ಎಂಬುದು. ಕಾಫ್ಕಾನ ಕಥೆಯಲ್ಲಿ ಒಬ್ಬ ಬೆಳಗಾಗುವಷ್ಟರಲ್ಲಿ ಹುಳುವಾಗುತ್ತಾನೆ. ಕಾರಣ ಕೊನೆಯವರೆಗೂ ತಿಳಿಯುವುದಿಲ್ಲ, ಬೇಕೆಂದೂ ಅನಿಸುವುದಿಲ್ಲ. ಶಿವರಾಮ ಕಾರಂತರು 1968ರ 'ಮೂಕಜ್ಜಿಯ ಕನಸುಗಳು' ಕಾದಂಬರಿಯಲ್ಲಿ ಅಜ್ಜಿಗೆ ಒಂದು ವಸ್ತುವನ್ನು ಮುಟ್ಟಿ ಅದರ ಹಿಂದಣ ಕಾಲವನ್ನು ಕಾಣುವ ಶಕ್ತಿಯನ್ನು ಕೊಟ್ಟರು. ಅದು ಎಲ್ಲಿಂದ ಬಂತೆಂದು ನಾವು ಕೇಳುವುದಿಲ್ಲ. ಅವಳು ಕಂಡದ್ದಕ್ಕೆ ಅರ್ಥವೇನೆಂದು ಯೋಚಿಸುತ್ತೇವೆ.

ಒಂದೇ ಕಥೆ ಎರಡು ಪ್ರಶ್ನೆಗಳನ್ನು ಎಬ್ಬಿಸಬಾರದೆಂದಿಲ್ಲ. ಆದರೆ ಒಂದನ್ನು ಎಬ್ಬಿಸಿ ಇನ್ನೊಂದಕ್ಕೆ ಉತ್ತರ ಕೊಟ್ಟರೆ ಓದುಗನಿಗೆ ಮೋಸವಾದಂತೆ ಅನಿಸುತ್ತದೆ. ನಾನು ಮಾಡಿದ್ದು ಅದನ್ನೇ.

ಇನ್ನು ಓದುಗರ ವಿಚಾರ. ಊಹಾಕಥೆ ತನಗೆಂದೇ ಮೀಸಲಾದ ಪತ್ರಿಕೆಗಾಗಿ ಕಾಯುತ್ತ ಕೂರಬೇಕಾಗಿಲ್ಲವೆಂಬುದಕ್ಕೆ ನಮ್ಮ ದೇಶದಲ್ಲಿಯೇ ಒಳ್ಳೆಯ ನಿದರ್ಶನಗಳಿವೆ. ವಿಜ್ಞಾನಿ ಜಗದೀಶಚಂದ್ರ ಬೋಸರು 1896ರಲ್ಲಿ ಬಂಗಾಳಿಯಲ್ಲಿ ಬರೆದ ಕಥೆ ಬಹುಮಾನ ಪಡೆದದ್ದು 'ಕುಂತಲೀನ್' ಎಂಬ ತಲೆಗೂದಲಿನ ಎಣ್ಣೆಯವರು ಏರ್ಪಡಿಸಿದ್ದ ಸ್ಪರ್ಧೆಯಲ್ಲಿ. ಕಥೆಯಲ್ಲಿ ಎಣ್ಣೆಯ ಪ್ರಸ್ತಾಪ ಬರಬೇಕಿತ್ತು. ಬೋಸರು ಒಂದು ಸೀಸೆ ಎಣ್ಣೆಯನ್ನು ಸಮುದ್ರಕ್ಕೆ ಸುರಿಸಿ ಚಂಡಮಾರುತವನ್ನೇ ಅಡಗಿಸಿಬಿಟ್ಟರು! ಎಣ್ಣೆ ನೀರಿನ ಅಲೆಯನ್ನು ತಗ್ಗಿಸಬಲ್ಲದೆಂಬ ವಿಜ್ಞಾನದ ಎಳೆಯೊಂದು ಅದರೊಳಗಿತ್ತು. 1905ರಲ್ಲಿ ಬೇಗಂ ರುಕಿಯಾ ಅವರ 'ಸುಲ್ತಾನಾಳ ಕನಸು' ಅಚ್ಚಾದದ್ದು ಮದರಾಸಿನ ಮಹಿಳಾ ಪತ್ರಿಕೆಯೊಂದರಲ್ಲಿ. ಗಂಡಸರು ಮನೆಯೊಳಗೆ, ಹೆಂಗಸರು ಆಡಳಿತದಲ್ಲಿ. ಸೂರ್ಯನ ಶಾಖವನ್ನು ಹಿಡಿದಿಟ್ಟು ಅಡುಗೆ ಮಾಡುವ ನಾಡು ಅದು. ಆ ಕನಸು ಯಾರಿಗೆ ಬೇಕಾಗಿತ್ತೋ ಅವರ ಕೈಗೇ ಅದು ಸೇರಿತು. ಅರ್ಜೆಂಟೀನದ ಬೋರ್ಹೆಸ್ 1936ರಲ್ಲಿ ಇನ್ನೂ ಮುಂದೆ ಹೋಗಿ, ಇಲ್ಲದ ಪುಸ್ತಕವೊಂದರ ವಿಮರ್ಶೆಯ ವೇಷದಲ್ಲಿ ಕಥೆ ಬರೆದು ಪ್ರಬಂಧಗಳ ನಡುವೆ ಕೂರಿಸಿದ. ಓದಿದವರು ಅದನ್ನು ನಿಜವಾದ ವಿಮರ್ಶೆಯೆಂದೇ ನಂಬಿದರು. ಈ ಮೂವರೂ ತಮ್ಮ ಎದುರಿಗಿರುವವರು ಯಾರೆಂಬುದನ್ನು ಅರಿತಿದ್ದರು.

ನನ್ನ ಎದುರಿಗೆ ಯಾರಿದ್ದರು? ಈ ಪ್ರಶ್ನೆ ಹೊಳೆದದ್ದು ಮರಿಯಮ್ಮನಹಳ್ಳಿಯಲ್ಲಿ. ಅಲ್ಲಿಯ ಪರಿಚಯಸ್ಥರೊಬ್ಬರ ಮನೆಗೆ ಹೋಗಿದ್ದಾಗ, ಚೀಲದಲ್ಲಿದ್ದ ಹಸ್ತಪ್ರತಿಯನ್ನು ಕಂಡು ಓದಿ ಎಂದರು. ಜಗಲಿಯ ಮೇಲೆ ಏಳೆಂಟು ಜನ. ಅವರಲ್ಲೊಬ್ಬ ವೃದ್ಧೆ ಮುಳುಗಿದ ಊರಿನಲ್ಲಿ ಹುಟ್ಟಿ, ಹುಡುಗಿಯಾಗಿದ್ದಾಗ ಗಾಡಿಯ ಮೇಲೆ ಇಲ್ಲಿಗೆ ಬಂದವರು. ವಿವರಣೆ, ಮೊಸಳೆ, ಕನಸು ಎಲ್ಲವನ್ನೂ ಬಿಟ್ಟು ಮೊದಲಿನ ಕಥೆಯನ್ನಷ್ಟೇ ಓದಿದೆ. ಮುದುಕಿ ಗುಡಿಯ ಮುಂದಿನ ಬಾವಿಯನ್ನು ದಾಟಿದಳು ಎಂಬಲ್ಲಿಗೆ ಬಂದಾಗ ಆಕೆ ತಡೆದರು.

"ತಮ್ಮಾ, ಬಾವಿ ಗುಡಿ ಮುಂದ ಇರ್ಲಿಲ್ಲ, ಹಿಂದ ಇತ್ತು."

"ಆಗಲಿ ಅವ್ವಾ, ತಿದ್ದಿಕೊಳ್ಳುತ್ತೇನೆ" ಎಂದು ಮುಂದುವರಿಸಿದೆ. ದೀಪಗಳು ಹತ್ತಿದವು ಎಂದಾಗ ಅವರು ಹೂಂ ಎಂದರು. ಬೀಗ ತೆಗೆಯಿತು ಎಂದಾಗಲೂ ಹೂಂ ಎಂದರು. ಒಳಗೆ ಹುಡುಗಿ ಕುಳಿತಿದ್ದಳು ಎಂದು ಮುಗಿಸಿ ಹಾಳೆಗಳನ್ನು ಮಡಿಸಿದೆ. ಯಾರೂ ಮಾತನಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರೇ ಕೇಳಿದರು:

"ಆ ಹುಡುಗಿ ಏನಂದ್ಲು?"

ಊರು ನೀರಿನಿಂದ ಹೇಗೆ ಎದ್ದಿತೆಂದು ಅವರು ಕೇಳಲಿಲ್ಲ. ನಿಜವೇ ಎಂದೂ ಕೇಳಲಿಲ್ಲ. ಬಾವಿಯ ಜಾಗ ಮಾತ್ರ ಸರಿಯಿರಬೇಕು. ಅಷ್ಟಾದರೆ ದೀಪ ಹತ್ತುವುದರಲ್ಲಿ ಅವರಿಗೆ ವಿಚಿತ್ರವೇನೂ ತೋರಲಿಲ್ಲ. ನನ್ನ ಕಥೆಯ ಪ್ರಕಾರ ಅಲ್ಲಿ ನಿರ್ಧಾರವಾಯಿತು. ಅದು 'ಆಮೇಲೆ?' ಎಂಬ ಪ್ರಶ್ನೆಯ ಕಥೆ; ಮತ್ತು ನಾನು ಆ ಪ್ರಶ್ನೆಯ ಹೊಸ್ತಿಲಲ್ಲೇ ಬಾಗಿಲು ಹಾಕಿಕೊಂಡಿದ್ದೆ. ಬಾಗಿಲು ತೆಗೆದ ಚಮತ್ಕಾರಕ್ಕೇ ನಾನು ಮರುಳಾಗಿದ್ದೆ. ಬಿಟ್ಟುಬಂದ ಮನೆಯಲ್ಲಿ ಉಳಿದ ಹುಡುಗಿ ತನ್ನನ್ನು ಏನೆಂದು ಕೇಳಿಯಾಳು ಎಂಬುದು ಆಕೆಗೆ ಮಾತ್ರ ಮುಖ್ಯವಾಗಿತ್ತು. ಕಳೆದುಕೊಂಡವರಿಗೆ ಊಹೆಯೆಂಬುದು ವಿನೋದವಲ್ಲವಷ್ಟೆ.

ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡದ ಜನಪದ ಕಥೆಯೊಂದಿದೆ. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತು. ಅವಳು ಯಾರಿಗೂ ಹೇಳುವುದಿಲ್ಲ. ಉಸಿರುಕಟ್ಟಿದ ಅವೆರಡೂ ಅವಳು ಮಲಗಿದ್ದಾಗ ಬಾಯಿಂದ ಹೊರಬಿದ್ದು, ಬಾಗಿಲಲ್ಲಿ ಗಂಡಸಿನ ಕೋಟು ಮತ್ತು ಜೋಡುಗಳಾಗಿ ಕುಳಿತು, ಗಂಡಹೆಂಡಿರಿಗೆ ಜಗಳ ಹಚ್ಚುತ್ತವೆ. ಗುಡಿಯಲ್ಲಿ ಸೇರಿದ ಊರ ದೀಪಗಳ ಮಾತಿನಿಂದ ಗಂಡನಿಗೆ ನಿಜ ತಿಳಿಯುತ್ತದೆ. ಬಂದು ಕೇಳಿದರೆ, ಹೆಂಡತಿಗೆ ಆ ಕಥೆಯೂ ಮರೆತಿದೆ, ಹಾಡೂ ಮರೆತಿದೆ. ಹೇಳದ ಕಥೆ ಸೇಡು ತೀರಿಸಿಕೊಳ್ಳುತ್ತದೆಂಬುದು ಇದರ ತಾತ್ಪರ್ಯವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಹೇಳಬಾರದವರ ಬಾಗಿಲಲ್ಲಿ ಕುಳಿತ ಕಥೆ ಕೋಟಾಗಿ ಜೋಡಾಗಿ ಕಾಣುತ್ತದೆ, ಕಥೆಯಾಗಿ ಕಾಣುವುದಿಲ್ಲ ಎಂದೂ ನಾನು ಅದಕ್ಕೆ ಸೇರಿಸಬಯಸುತ್ತೇನೆ.

ಹೀಗಾಗಿ ಊಹಾಕಥೆ ಬರೆಯುವ ಕಿರಿಯರು ಎಲ್ಲಿಗೆ ಕಳಿಸಲಿ ಎಂದು ಕೇಳಿದಾಗ ನಾನು ಪತ್ರಿಕೆಯ ಹೆಸರನ್ನು ಮೊದಲು ಹೇಳುವುದಿಲ್ಲ. ಮೊದಲು ನಾಲ್ಕು ಜನರ ಮುಂದೆ ಗಟ್ಟಿಯಾಗಿ ಓದಿರಿ. ಅವರ ಮೊದಲನೆಯ ಪ್ರಶ್ನೆಯನ್ನು ಬರೆದಿಟ್ಟುಕೊಳ್ಳಿರಿ. 'ಹೇಗೆ?' ಎಂದರೆ ಕಾರಣವನ್ನು ಗಟ್ಟಿಮಾಡಿಕೊಂಡು ವಿಜ್ಞಾನದ ಓದುಗರ ಬಳಿಗೆ ಹೋಗಿರಿ. 'ಆಮೇಲೆ?' ಎಂದರೆ ವಿವರಣೆಯನ್ನು ಕಿತ್ತುಹಾಕಿರಿ. 'ನಿಜವೇ?' ಎಂದರೆ ಊರು, ಬೀದಿ, ಬಾವಿಗಳ ಲೆಕ್ಕ ತಪ್ಪದಿರಲಿ. 'ಹಾಗೆಂದರೇನು?' ಎಂದರೆ ನೀವೇ ಅರ್ಥ ಹೇಳುವ ಆತುರವನ್ನು ಬಿಡಿರಿ. ಪತ್ರಿಕೆ ಅನಂತರ ತಾನಾಗಿ ಹೊಳೆಯುತ್ತದೆ. ಯಾರೂ ಏನನ್ನೂ ಕೇಳದಿದ್ದರೆ ಕಥೆಯನ್ನು ಇನ್ನಷ್ಟು ದಿನ ಮನೆಯಲ್ಲೇ ಇಟ್ಟುಕೊಳ್ಳುವುದು ಲೇಸು.

ಆ ಹುಡುಗಿ ಏನೆಂದಳೆಂಬುದನ್ನು ಬರೆಯಲು ನನಗೆ ಆರು ತಿಂಗಳು ಹಿಡಿಯಿತು. ಬಾವಿಯನ್ನು ಗುಡಿಯ ಹಿಂದಕ್ಕೆ ಸರಿಸಿ, ಮತ್ತೆ ಅದೇ ಜಗಲಿಗೆ ಹೋಗಿ ಓದಿದೆ. ವೃದ್ಧೆ ಕೊನೆಯವರೆಗೂ ಹೂಂಗುಟ್ಟಿದರು. ಮುಗಿದ ಮೇಲೆ ಎದ್ದು ಒಳಗೆ ಹೋಗಿ ಚಹಾ ತರಿಸಿದರು. ಕಥೆ ಇನ್ನೂ ಅಚ್ಚಾಗಿಲ್ಲ, ಆದೀತು. ಈ ಮಾತುಗಳನ್ನು ಆಡುವಾಗಲೂ ನನ್ನ ಎದುರಿಗೆ ಒಂದು ಮೈಕು ಮಾತ್ರವಿದೆ. ನೀವು ಹೂಂಗುಟ್ಟಿದ್ದೀರೆಂದೇ ನಂಬಿ ಮುಗಿಸುತ್ತೇನೆ.